ಬಾಯಿ ತೆರೆದರೆ ಕಿವಿಯ ಮುಂದೆ ‘ಕಟ್’ ಸದ್ದು, ಅಗಿದರೆ ನೋವು: ದವಡೆಯ ಕೀಲಿಗೆ ಏನು ಚಿಕಿತ್ಸೆ?

ಡೊಂಬಿವಲಿಯ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದಾಗಿನಿಂದ ನನಗೆ ಬಲಗಿವಿಯ ಮುಂದೆ ನೋವು. ಬೆಳಗ್ಗೆ ಎದ್ದಾಗ ದವಡೆ ಬಿಗಿದುಕೊಂಡಿರುತ್ತದೆ, ಬಾಯಿ ಅಗಲಿಸಿದರೆ ‘ಕಟ್’ ಎಂದು ಸದ್ದು ಬರುತ್ತದೆ. ಸತತವಾಗಿ ಪಾಠ ಮಾಡಿದ ದಿನ ಸಂಜೆಯ ಹೊತ್ತಿಗೆ ನೋವು ಕಣತಲೆಯವರೆಗೆ ಏರುತ್ತದೆ. ದಾದರ್‌ನಿಂದ ಮನೆಗೆ ಬರುವ ಲೋಕಲ್‌ನಲ್ಲಿ ಯಾರಾದರೂ ಮಾತನಾಡಿಸಿದರೂ ಉತ್ತರಿಸುವುದು ಕಷ್ಟವಾಗುತ್ತದೆ.

ಕಿವಿಯದೇ ತೊಂದರೆ ಎಂದು ಕಿವಿ ಮೂಗು ಗಂಟಲು ತಜ್ಞರಲ್ಲಿಗೆ ಹೋದೆ. ಕಿವಿ ಸ್ವಚ್ಛವಾಗಿದೆ, ದಂತವೈದ್ಯರಿಗೆ ತೋರಿಸಿ ಎಂದರು. ದಂತವೈದ್ಯರು ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಹೊಂದಾಣಿಕೆ ತಪ್ಪಿದೆ, ಅದರಿಂದಲೇ ಕೀಲು ಸವೆಯುತ್ತಿದೆ, ಕೆಲವು ಹಲ್ಲುಗಳನ್ನು ಯಂತ್ರದಿಂದ ಉಜ್ಜಿ ಸವೆಸಿ ಕ್ಯಾಪ್ ಹಾಕಬೇಕು, ಆಮೇಲೆ ಕ್ಲಿಪ್ ಹಾಕಬೇಕು ಎಂದು ಹೇಳಿದರು. ಖರ್ಚು ನಮ್ಮ ಕೈಗೆ ಮೀರಿದ್ದು. ಅಮ್ಮ ಕುಂದಾಪುರದಿಂದ ಫೋನ್ ಮಾಡಿದಾಗಲೆಲ್ಲ ಕಿವಿಗೆ ಬಿಸಿ ಎಣ್ಣೆ ಬಿಡು ಎನ್ನುತ್ತಾರೆ.

ಇದು ನಿಜಕ್ಕೂ ಕೀಲಿನ ರೋಗವೇ? ನೋವಿಲ್ಲದ ನನ್ನ ಹಲ್ಲುಗಳನ್ನು ಉಜ್ಜಿಸಿಕೊಳ್ಳಲೇಬೇಕೇ? ಯಾರಿಗೆ ತೋರಿಸುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಥ್ರೂಡ್ ದಂತವೈದ್ಯೆ:

ಅಕ್ಕ, ಮೊದಲು ಎರಡು ಮಾತು. ಕಿವಿಗೆ ಎಣ್ಣೆ ಬಿಡಬೇಡಿ, ನೋವಿರುವುದು ಕಿವಿಯೊಳಗೆ ಅಲ್ಲ. ಹಲ್ಲು ಉಜ್ಜಿಸುವ ನಿರ್ಧಾರವನ್ನು ಸದ್ಯ ಪೂರ್ತಿಯಾಗಿ ಬದಿಗಿಡಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನೀವು ಹೇಳುವ ಲಕ್ಷಣಗಳಿಗೆ ಅದು ಮೊದಲ ಚಿಕಿತ್ಸೆಯಂತೂ ಅಲ್ಲ.

ಕಿವಿಯ ತೂತಿನ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಗುಂಡಗಿನದೊಂದು ಚಲಿಸುತ್ತದೆ. ಅದು ಕೆಳದವಡೆಯ ಮೂಳೆಯ ತುದಿ. ತಲೆಬುರುಡೆಯ ಕುಳಿಯೊಂದರಲ್ಲಿ ಅದು ಕೂತಿರುತ್ತದೆ, ನಡುವೆ ನಾರಿನಂಥ ಮೃದ್ವಸ್ಥಿಯ ತೆಳುವಾದ ಡಿಸ್ಕ್ ಇರುತ್ತದೆ. ಈ ಕೀಲು ಬಾಗಿಲಿನ ತಿರುಗಣಿಯಂತೆ ಬರೀ ತಿರುಗುವುದಿಲ್ಲ. ಬಾಯಿ ಸ್ವಲ್ಪ ತೆರೆಯುವಾಗ ತಿರುಗುತ್ತದೆ, ಇನ್ನಷ್ಟು ತೆರೆದಾಗ ಕುಳಿಯಿಂದ ಮುಂದಕ್ಕೆ ಜಾರುತ್ತದೆ. ಡಿಸ್ಕ್ ಅದರ ಜೊತೆಯಲ್ಲೇ ಜಾರಬೇಕು. ಕೆಲವರಲ್ಲಿ ಡಿಸ್ಕ್ ತನ್ನ ಜಾಗ ಬಿಟ್ಟು ಸ್ವಲ್ಪ ಮುಂದೆ ಸರಿದಿರುತ್ತದೆ. ಬಾಯಿ ತೆರೆಯುವಾಗ ಮೂಳೆಯ ತುದಿ ಅದರ ಮೇಲೆ ಮರಳಿ ಏರುವ ಕ್ಷಣದಲ್ಲಿ ನಿಮಗೆ ‘ಕಟ್’ ಎಂದು ಕೇಳಿಸುತ್ತದೆ.

ಆದರೆ ನಿಮ್ಮ ನೋವಿನ ಹೆಚ್ಚಿನ ಪಾಲು ಬಹುಶಃ ಡಿಸ್ಕಿನದಲ್ಲ, ಸ್ನಾಯುವಿನದು. ಕೆನ್ನೆಯ ಹಿಂಭಾಗದಲ್ಲಿ ಮ್ಯಾಸೆಟರ್ ಎಂಬ ಬಲವಾದ ಸ್ನಾಯುವಿದೆ, ಕಣತಲೆಯಲ್ಲಿ ಬೀಸಣಿಗೆಯಂತೆ ಹರಡಿದ ಟೆಂಪೊರಾಲಿಸ್ ಇದೆ. ಹಲ್ಲು ಬಿಗಿ ಹಿಡಿದರೆ ಎರಡೂ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಗಿನ ಬಿಗಿತ ಸಾಮಾನ್ಯ. ಹಗಲಲ್ಲಿ ಮಾತು, ಒತ್ತಡ, ಹಲ್ಲು ಬಿಗಿ ಹಿಡಿಯುವ ಅಭ್ಯಾಸ ಇರುವವರಿಗೆ ಸಂಜೆಯ ನೋವು ಹೆಚ್ಚು. ನಿಮಗೆ ಎರಡೂ ಇವೆ. ಕಿವಿಗೆ ನೋವು ಬರುವುದಕ್ಕೂ ಕಾರಣವಿದೆ. ಕೀಲಿಗೂ ಕಿವಿಯ ಮುಂಭಾಗಕ್ಕೂ ಕಣತಲೆಗೂ ಸಂವೇದನೆ ಒಯ್ಯುವುದು ಒಂದೇ ನರ. ನೋವು ಎಲ್ಲಿಂದ ಹೊರಟಿತೆಂದು ಮಿದುಳಿಗೆ ನಿಖರವಾಗಿ ತಿಳಿಯುವುದಿಲ್ಲ. ಹೀಗಾಗಿ ಇಂಥ ರೋಗಿಗಳಲ್ಲಿ ಅನೇಕರು ನಿಮ್ಮಂತೆಯೇ ಮೊದಲು ಕಿವಿ ತಜ್ಞರ ಬಾಗಿಲು ತಟ್ಟಿರುತ್ತಾರೆ.

20ರಿಂದ 40 ವಯಸ್ಸಿನ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು ಕಾಣುತ್ತದೆ. ನೋವು ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಬಹಳ ಮಂದಿಗೆ ಸರಳ ಆರೈಕೆಯಿಂದ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ಹತೋಟಿಗೆ ಬರುತ್ತದೆ. ಆಮೇಲೆ ಹಿಂದಕ್ಕೆ ಪಡೆಯಲಾಗದ ಯಾವುದನ್ನೂ ಆರಂಭದಲ್ಲಿ ಮಾಡಿಸಬಾರದು. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿ, ಹಲ್ಲು ಉಜ್ಜುವುದೂ ಶಸ್ತ್ರಚಿಕಿತ್ಸೆಯೂ ಅದರಡಿಯೇ ಬರುತ್ತವೆ.

ಯಾರಿಗೆ ತೋರಿಸುವುದು ಎಂದು ಕೇಳಿದಿರಿ. ಬಾಯಿಯ ರೋಗಗಳ ಪರೀಕ್ಷೆಗೆಂದೇ ದಂತ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ವಿಭಾಗವಿರುತ್ತದೆ. ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ಸರ್ಕಾರಿ ದಂತ ಕಾಲೇಜು ಇದೆ, ಮುಂಬೈ ಸೆಂಟ್ರಲ್ ಬಳಿ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇದೆ. ಸರದಿಯಲ್ಲಿ ಕಾಯಬೇಕಾಗುತ್ತದೆ, ಆದರೆ ಹಲ್ಲು ಉಜ್ಜಲು ಅಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಅಂಧೇರಿ ಪೂರ್ವದ ಓದುಗ:

ಮೇಡಂ, ನನಗೆ ಕಾಲೇಜಿನ ದಿನಗಳಿಂದ ಎಡಗಡೆ ಸದ್ದು ಬರುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ. ಇದನ್ನು ಓದಿ ಹೆದರಿಕೆಯಾಯಿತು. ಎಂಆರ್‌ಐ ಮಾಡಿಸಲೇ?

ಕೋಥ್ರೂಡ್ ದಂತವೈದ್ಯೆ:

ಬೇಡ. ನೋವಿಲ್ಲದ, ಬಾಯಿಯನ್ನು ತಡೆಯದ ಸದ್ದಿಗೆ ಚಿಕಿತ್ಸೆಯೇ ಇಲ್ಲ, ಬೇಕಾಗಿಯೂ ಇಲ್ಲ. ಆರೋಗ್ಯವಂತರಲ್ಲಿ ಎಷ್ಟೋ ಮಂದಿಗೆ ಇದು ಜೀವನವಿಡೀ ಇರುತ್ತದೆ. ಎಂಆರ್‌ಐಯಲ್ಲಿ ಡಿಸ್ಕ್ ಸರಿದಿರುವುದು ಕಂಡರೂ ಅದೊಂದರಿಂದಲೇ ನಿಮಗೆ ರೋಗವಿದೆ ಎಂದಾಗುವುದಿಲ್ಲ. ಸದ್ದು ಕೇಳಬೇಕೆಂದು ದವಡೆಯನ್ನು ಪದೇ ಪದೇ ಆಡಿಸುವುದನ್ನು ಮಾತ್ರ ಬಿಡಿ.

ಠಾಣೆ ಫಿಸಿಯೋಥೆರಪಿಸ್ಟ್:

ಮೇಡಂ ಹೇಳಿದ ‘ಸರಳ ಆರೈಕೆ’ ಎಂದರೇನು ಎಂಬುದನ್ನು ನಾನು ಬಿಡಿಸಿ ಬರೆಯುತ್ತೇನೆ. ಬಹಳ ರೋಗಿಗಳಿಗೆ ಇದನ್ನು ಯಾರೂ ಸರಿಯಾಗಿ ಹೇಳಿರುವುದೇ ಇಲ್ಲ.

ಮೊದಲನೆಯದು ದವಡೆಗೆ ವಿಶ್ರಾಂತಿ. ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ, ನಾಲಿಗೆ ಅಂಗುಳಿಗೆ ಹಗುರವಾಗಿ ತಾಗಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದನ್ನೊಂದು ಮುಟ್ಟಬೇಕಾಗಿಯೇ ಇಲ್ಲ. ಹಾಗೆ ಮುಟ್ಟಿಸಿಕೊಂಡಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಫಾಸ್ಟ್ ಲೋಕಲ್‌ನ ನೂಕುನುಗ್ಗಲಲ್ಲಿ ಕಂಬ ಹಿಡಿದು ನಿಂತವರ ಮುಖಗಳನ್ನು ನೋಡಿ, ಎಷ್ಟೋ ಮಂದಿಯ ಕೆನ್ನೆಯ ಸ್ನಾಯು ಉಬ್ಬಿರುತ್ತದೆ. ನನ್ನ ರೋಗಿಗಳಿಗೆ ನಾನು ಹೇಳುವುದು ಇಷ್ಟು: ಪ್ರತಿ ನಿಲ್ದಾಣ ಬಂದಾಗ ಹಲ್ಲು ಬಿಗಿದಿದೆಯೇ ಎಂದು ನೋಡಿಕೊಳ್ಳಿ, ಬಿಗಿದಿದ್ದರೆ ಸಡಿಲಿಸಿ. ಡೊಂಬಿವಲಿಯಿಂದ ದಾದರ್‌ಗೆ ಹೋಗುವ ಅಕ್ಕನಿಗೆ ನಿಲ್ದಾಣಗಳಿಗೇನೂ ಕೊರತೆಯಿಲ್ಲ.

ಎರಡನೆಯದು ಬಿಸಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೂ ಕಣತಲೆಗೂ 15–20 ನಿಮಿಷ, ದಿನಕ್ಕೆ ಒಂದೆರಡು ಸಲ ಇಡಿ. ಚರ್ಮ ಸುಡದಷ್ಟು ಬಿಸಿ ಸಾಕು. ಆಮೇಲೆ ಬೆರಳ ತುದಿಯಿಂದ ಆ ಸ್ನಾಯುಗಳನ್ನು ನಿಧಾನವಾಗಿ ತಿಕ್ಕಿ. ನಂತರ ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ ಹಿಡಿದು, ಅದು ಬಿಡದಷ್ಟು ಮಾತ್ರ ಬಾಯಿ ತೆರೆದು ಮುಚ್ಚಿ. ಆಗ ಕೀಲು ತಿರುಗುತ್ತದೆ, ಹೆಚ್ಚು ಮುಂದೆ ಜಾರುವುದಿಲ್ಲ. ಕನ್ನಡಿಯ ಮುಂದೆ ಮಾಡಿದರೆ ಗದ್ದ ಒಂದು ಕಡೆಗೆ ಓಡುತ್ತಿದೆಯೇ ಎಂಬುದೂ ಕಾಣುತ್ತದೆ. ನೋವು ಏರುವಷ್ಟು ಬಲ ಹಾಕಬೇಡಿ. ದಿನಕ್ಕೆ ಒಮ್ಮೆ ಬಹಳ ಹೊತ್ತು ಮಾಡುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಮಾಡುವುದು ಒಳ್ಳೆಯದು.

ಮೂರನೆಯದು ಊಟ. ನೋವಿರುವಷ್ಟು ದಿನ ಮೆತ್ತಗಿನದು: ಇಡ್ಲಿ, ಗಂಜಿ, ಬಿಸಿಬೇಳೆಬಾತ್, ಮೊಸರನ್ನ, ಶಾವಿಗೆ. ರಾಗಿ ಮುದ್ದೆಯಂತೂ ಅಗಿಯದೆ ನುಂಗುವ ಅನ್ನ, ಈ ರೋಗಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಚಕ್ಕುಲಿ, ಕೋಡುಬಳೆ, ಖಡಕ್ ರೊಟ್ಟಿ, ಲೋಣಾವಳದ ಚಿಕ್ಕಿ, ಚೂಯಿಂಗ್ ಗಮ್ ಸದ್ಯಕ್ಕೆ ಬೇಡ. ವಡಾಪಾವನ್ನು ಕೈಯಲ್ಲಿ ಮುರಿದು ತಿನ್ನಿ, ಬಾಯಿ ಪೂರ್ತಿ ಅಗಲಿಸಿ ಕಚ್ಚಬೇಡಿ. ಎರಡೂ ಬದಿಯಲ್ಲಿ ಅಗಿಯಿರಿ. ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತನಾಡುವುದು, ಗದ್ದಕ್ಕೆ ಕೈ ಕೊಟ್ಟು ಕೂರುವುದು, ಉಗುರು ಕಚ್ಚುವುದು, ಹೊಟ್ಟೆಯ ಮೇಲೆ ಮಲಗುವುದು, ಇವೆಲ್ಲ ಕೀಲಿಗೆ ಹೊರೆಯೇ.

ಪಾಠ ಮಾಡುವವರು ಸಾಧ್ಯವಾದರೆ ಮೈಕ್ ಬಳಸಿ. ಧ್ವನಿ ಏರಿಸುವಾಗ ಕತ್ತೂ ದವಡೆಯೂ ಒಟ್ಟಿಗೇ ಬಿಗಿಯುತ್ತವೆ.

ಮುಲುಂಡ್ ಮಾವ:

ಎಲ್ಲರೂ ಆ ದಂತವೈದ್ಯರನ್ನು ತಪ್ಪಿತಸ್ಥರನ್ನಾಗಿ ಮಾಡುತ್ತಿದ್ದೀರಿ. ನನ್ನ ಸೋದರಳಿಯನಿಗೆ ಇದೇ ನೋವಿತ್ತು. ಹಲ್ಲುಗಳನ್ನು ಸರಿಹೊಂದಿಸಿ ಕ್ಯಾಪ್ ಹಾಕಿದರು, ನೋವು ಹೋಯಿತು. ಹಲ್ಲು ಓರೆಯಾಗಿದ್ದರೆ ಕೀಲಿನ ಮೇಲೆ ಭಾರ ಬೀಳುತ್ತದೆ ಎಂಬುದು ಸಾಮಾನ್ಯ ಬುದ್ಧಿಗೇ ತಿಳಿಯುವ ವಿಷಯವಲ್ಲವೇ?

ಕೋಥ್ರೂಡ್ ದಂತವೈದ್ಯೆ:

ಸರ್, ನಿಮ್ಮ ಸೋದರಳಿಯನಿಗೆ ನೋವು ಹೋದದ್ದು ಸಂತೋಷ. ಆದರೆ ಈ ನೋವಿನ ಗುಣವೇ ಏರಿಳಿಯುವುದು. ಜನ ವೈದ್ಯರಲ್ಲಿಗೆ ಬರುವುದು ನೋವು ಅತಿ ಹೆಚ್ಚಿದ್ದಾಗ. ಆಗ ಏನು ಮಾಡಿದರೂ, ಏನೂ ಮಾಡದಿದ್ದರೂ ಮುಂದಿನ ವಾರಗಳಲ್ಲಿ ಅನೇಕರಿಗೆ ಇಳಿಯುತ್ತದೆ. ಇಳಿದದ್ದು ಕ್ಯಾಪಿನಿಂದಲೇ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು.

ಹಲ್ಲಿನ ಹೊಂದಾಣಿಕೆಯನ್ನು ದೂರುವ ಈ ವಾದಕ್ಕೆ ಹಳೆಯ ಚರಿತ್ರೆಯಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟೆನ್ ಎಂಬ ಕಿವಿ ಮೂಗು ಗಂಟಲು ವೈದ್ಯರು 1934ರಲ್ಲಿ ಒಂದು ಲೇಖನ ಪ್ರಕಟಿಸಿದರು. ದವಡೆಹಲ್ಲು ಕಳೆದುಕೊಂಡವರಲ್ಲಿ ಕೆಳದವಡೆ ಅತಿಯಾಗಿ ಮೇಲೇರಿ ಕೀಲಿನ ಸುತ್ತಲಿನ ನರಗಳನ್ನು ಒತ್ತುತ್ತದೆ, ಅದರಿಂದಲೇ ಕಿವಿನೋವು, ಕಿವಿಯ ಮೊರೆತ, ತಲೆಸುತ್ತು ಎಂದು ಅವರು ಬರೆದರು. ಬಹಳ ಕಾಲ ಈ ರೋಗವನ್ನು ಅವರ ಹೆಸರಿನಿಂದಲೇ ಕರೆದರು. ಆಮೇಲೆ ಅಂಗರಚನೆಯನ್ನು ಬಿಡಿಸಿ ನೋಡಿದವರು ಹಾಗೆ ನರ ಒತ್ತುವುದು ಸಾಧ್ಯವಿಲ್ಲವೆಂದು ತೋರಿಸಿದರು. ಅವರು ವರ್ಣಿಸಿದ ನೋವು ನಿಜ, ಕೊಟ್ಟ ಕಾರಣ ತಪ್ಪು. ಆದರೆ ‘ಹಲ್ಲು ಸರಿಮಾಡಿದರೆ ಕೀಲು ಸರಿಯಾಗುತ್ತದೆ’ ಎಂಬ ನಂಬಿಕೆ ದಂತವೈದ್ಯರಲ್ಲಿ ಉಳಿದುಬಿಟ್ಟಿತು. ಹಲ್ಲು ಓರೆಯಾಗಿರುವ ಅಸಂಖ್ಯ ಜನರಿಗೆ ಕೀಲು ನೋವಿಲ್ಲ, ಮುತ್ತಿನಂಥ ಹಲ್ಲುಸಾಲಿನವರಿಗೆ ಇದೆ. ನೋವಿಲ್ಲದ ಹಲ್ಲುಗಳನ್ನು ಉಜ್ಜಿ ಕೀಲು ನೋವನ್ನು ತಡೆಯಬಹುದು ಅಥವಾ ಗುಣಪಡಿಸಬಹುದು ಎಂಬುದಕ್ಕೆ ಇಂದು ಆಧಾರವಿಲ್ಲ.

ಶಸ್ತ್ರಚಿಕಿತ್ಸೆಯ ಕಥೆ ಇನ್ನೂ ನೋವಿನದು. 1980ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ರೋಗಿಗಳ ಕೀಲಿನ ಡಿಸ್ಕ್ ತೆಗೆದು ಆ ಜಾಗದಲ್ಲಿ ಪ್ರೋಪ್ಲಾಸ್ಟ್-ಟೆಫ್ಲಾನ್ ಎಂಬ ಕೃತಕ ವಸ್ತುವನ್ನು ಇಟ್ಟರು. ಅಗಿಯುವ ಭಾರಕ್ಕೆ ಅದು ಪುಡಿಯಾಯಿತು. ದೇಹ ಆ ಕಣಗಳ ಮೇಲೆ ಎರಗಿತು, ಜೊತೆಗೆ ಸುತ್ತಲಿನ ಮೂಳೆಯೂ ಕರಗಿತು. 1990–91ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟು ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಆ ರೋಗಿಗಳಲ್ಲಿ ಅನೇಕರು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಅವರಲ್ಲೂ ಎಷ್ಟೋ ಮಂದಿ ಆರಂಭದಲ್ಲಿ ಈ ಅಕ್ಕನಂತೆಯೇ ನೋವು ಮತ್ತು ಸದ್ದು ಎಂದು ಹೋದವರು. ಇದನ್ನು ತಿಳಿದವರಾರೂ ಅವಸರದ ಚಿಕಿತ್ಸೆಯನ್ನು ಸಮರ್ಥಿಸಲಾರರು.

ಮುಲುಂಡ್ ಮಾವ:

ಟೆಫ್ಲಾನ್ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಾದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್? ಅದನ್ನಾದರೂ ಕೊಡಬಹುದಲ್ಲ. ತೆಗೆದಿಟ್ಟರೆ ಆಯಿತು, ಹಲ್ಲಿಗೆ ಏನೂ ಆಗುವುದಿಲ್ಲ.

ಕೋಥ್ರೂಡ್ ದಂತವೈದ್ಯೆ:

ಒಳ್ಳೆಯ ಪ್ರಶ್ನೆ. ವೈದ್ಯರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಇಡೀ ಹಲ್ಲುಸಾಲನ್ನು ಮುಚ್ಚುವ ಗಟ್ಟಿ ಗಾರ್ಡ್, ಅಂದರೆ ಸ್ಪ್ಲಿಂಟ್, ಹಲ್ಲು ಸವೆಯುವುದನ್ನು ತಡೆಯುತ್ತದೆ, ಇದರಲ್ಲಿ ಸಂಶಯವಿಲ್ಲ. ನೋವನ್ನು ಎಷ್ಟು ಇಳಿಸುತ್ತದೆ ಎಂಬುದು ಬೇರೆ ಮಾತು. ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ದೀರ್ಘಕಾಲದ ದವಡೆ ಕೀಲು ನೋವಿಗೆ ಬಲವಾಗಿ ಶಿಫಾರಸು ಮಾಡಿದ್ದು ಇವನ್ನು: ದವಡೆಯ ವ್ಯಾಯಾಮ, ಫಿಸಿಯೋಥೆರಪಿಸ್ಟರ ಕೈಚಿಕಿತ್ಸೆ, ಭಂಗಿಯ ವ್ಯಾಯಾಮ, ನೋವಿನ ಬಗೆಗಿನ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾನಸಿಕ ಚಿಕಿತ್ಸೆ, ಮತ್ತು ರೋಗಿಗೆ ರೋಗವನ್ನು ಅರ್ಥಮಾಡಿಸಿ ಧೈರ್ಯ ಹೇಳುವುದು. ತೆಗೆದಿಡಬಹುದಾದ ಸ್ಪ್ಲಿಂಟಿಗೂ ಬೊಟಾಕ್ಸ್ ಚುಚ್ಚುಮದ್ದಿಗೂ ಅದು ಷರತ್ತಿನೊಂದಿಗೆ, ಅಂದರೆ ಅಷ್ಟು ಖಚಿತವಾಗಿ ಅಲ್ಲದಿದ್ದರೂ, ‘ಬೇಡ’ ಎಂದಿದೆ. ಹಲ್ಲುಗಳ ಸ್ಥಾನವನ್ನೇ ಬದಲಿಸುವ ಸ್ಪ್ಲಿಂಟ್ ಮತ್ತು ಡಿಸ್ಕ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಬಲವಾಗಿ ವಿರೋಧಿಸಿದೆ.

ನನ್ನ ಅಭಿಪ್ರಾಯ ಹೇಳುವುದಾದರೆ, ರಾತ್ರಿ ಹಲ್ಲು ಕಡಿದು ಸವೆಸಿಕೊಳ್ಳುವವರಿಗೆ ಸ್ಪ್ಲಿಂಟ್ ಕೊಡುತ್ತೇನೆ. ಬರೀ ಸ್ಪ್ಲಿಂಟ್ ಕೊಟ್ಟು ವ್ಯಾಯಾಮ ಹೇಳದೆ ಕಳುಹಿಸುವುದನ್ನು ಒಪ್ಪುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಮೆತ್ತನೆಯ ಗಾರ್ಡ್‌ಗಳಿಂದ ಕೆಲವರಿಗೆ ಕಡಿಯುವುದು ಹೆಚ್ಚಾಗುತ್ತದೆ. ಕೆಲವೇ ಹಲ್ಲುಗಳನ್ನು ಮುಚ್ಚುವ ಸಾಧನವನ್ನು ಬಹುಕಾಲ ಹಾಕಿಕೊಂಡರೆ ಉಳಿದ ಹಲ್ಲುಗಳು ಸರಿಯಬಹುದು.

ಇನ್ನೊಂದು ಮಾತು. ನಿದ್ದೆಯಲ್ಲಿ ಹಲ್ಲು ಕಡಿಯುವುದೆಲ್ಲ ‘ಟೆನ್ಷನ್’ ಅಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಮದ್ಯ, ತಂಬಾಕು, ಅತಿಯಾದ ಕಾಫಿ ಅದನ್ನು ಹೆಚ್ಚಿಸಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲಿಸುವವರು ಅದನ್ನು ಬೇರೆಯಾಗಿಯೇ ಪರೀಕ್ಷಿಸಿಕೊಳ್ಳಬೇಕು. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ವಾಶಿಯ ಲೆಕ್ಕಪರಿಶೋಧಕ:

ನನ್ನದು ಬೇರೆ ತರಹ. ವರ್ಷಗಳಿಂದ ಸದ್ದು ಬರುತ್ತಿತ್ತು. ಹೋದ ವಾರ ಬೆಳಗ್ಗೆ ಎದ್ದಾಗ ಸದ್ದು ನಿಂತುಹೋಗಿತ್ತು, ಆದರೆ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ತೆರೆಯುವಾಗ ಗದ್ದ ಎಡಕ್ಕೆ ಓರೆಯಾಗುತ್ತದೆ. ಸದ್ದು ನಿಂತದ್ದು ಒಳ್ಳೆಯದಲ್ಲವೇ?

ಕೋಥ್ರೂಡ್ ದಂತವೈದ್ಯೆ:

ಇಲ್ಲ ಸರ್, ಇದನ್ನು ತಡಮಾಡದೆ ತೋರಿಸಿ. ಕೊಡ ಹೊತ್ತವರ ತಲೆಯ ಮೇಲಿನ ಸಿಂಬೆಯನ್ನು ನೆನೆಸಿಕೊಳ್ಳಿ. ಇಷ್ಟು ದಿನ ಸಿಂಬೆ ಸರಿದರೂ ಮರಳಿ ಜಾಗಕ್ಕೆ ಬರುತ್ತಿತ್ತು, ಆಗ ಸದ್ದು ಬರುತ್ತಿತ್ತು. ಈಗ ಅದು ಮುಂದೆಯೇ ಮಡಚಿಕೊಂಡು ಕೀಲಿನ ದಾರಿಗೆ ಅಡ್ಡ ನಿಂತಿರಬಹುದು. ಸದ್ದಿಲ್ಲ, ಚಲನೆಯೂ ಇಲ್ಲ. ಗದ್ದ ಓಡುವ ಕಡೆಯ ಕೀಲೇ ಸಿಕ್ಕಿಕೊಂಡಿರುವುದು.

ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸುವಷ್ಟು ಬಾಯಿ ತೆರೆಯಬೇಕು, ಅದು ಸುಮಾರು 40 ಮಿಲಿಮೀಟರ್. ಇದಕ್ಕಿಂತ ಕಡಿಮೆಯಾಗಿ, ಹಾಗೆಯೇ ಉಳಿದರೆ ಪರೀಕ್ಷೆ ಬೇಕೇ ಬೇಕು. ಡಿಸ್ಕ್ ಎಲ್ಲಿದೆ ಎಂಬುದನ್ನು ತೋರಿಸುವುದು ಎಂಆರ್‌ಐ, ಸಾದಾ ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಆರಂಭದಲ್ಲೇ ಬಂದರೆ ನೋವುಮಾತ್ರೆ ಮತ್ತು ಹದವಾದ ವ್ಯಾಯಾಮದಿಂದ ಅನೇಕರ ಬಾಯಿ ಮತ್ತೆ ಅಗಲವಾಗುತ್ತದೆ. ಆಗದಿದ್ದರೆ ಕೀಲಿನ ಮೇಲಿನ ಕೋಣೆಗೆ ಎರಡು ಸೂಜಿಗಳನ್ನು ಹಾಕಿ ಲವಣದ್ರವದಿಂದ ತೊಳೆಯುವ ಆರ್ಥ್ರೋಸೆಂಟೆಸಿಸ್ ಇದೆ. ನಿತ್ಯದ ನೋವಿಗೆ ಅದು ಬೇಡ, ಹೀಗೆ ಸಿಕ್ಕಿಕೊಂಡ ಕೀಲಿಗೆ ಅದನ್ನು ಯೋಚಿಸಬಹುದು. ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರು ನೋಡಿ ಹೇಳುತ್ತಾರೆ. ಬಲವಂತವಾಗಿ ಬಾಯಿ ಹಿಗ್ಗಿಸಬೇಡಿ.

ಭಾಂಡುಪ್ ಭಾಗವತ:

ನಾನು ಯಕ್ಷಗಾನದಲ್ಲಿ ಪದ ಹೇಳುವವನು. ಇಡೀ ರಾತ್ರಿಯ ಆಟ ಮುಗಿಸಿ ಆಕಳಿಸಿದಾಗ ಬಾಯಿ ತೆರೆದೇ ಉಳಿಯಿತು, ಮುಚ್ಚಲಾಗಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಹೆಬ್ಬೆರಳುಗಳನ್ನು ಒಳಗಿಟ್ಟು ಒತ್ತಿ ಕೂರಿಸಿದರು. ಮತ್ತೆ ಆಗದಂತೆ ಏನು ಮಾಡಲಿ? ಹಾಡುವುದನ್ನು ಬಿಡಬೇಕೇ?

ಠಾಣೆ ಫಿಸಿಯೋಥೆರಪಿಸ್ಟ್:

ಹಾಡುವುದನ್ನು ಬಿಡುವ ಅಗತ್ಯವಿಲ್ಲ ಅಣ್ಣ. ಕೀಲು ಮುಂದಿನ ದಿಬ್ಬವನ್ನು ದಾಟಿ ಆಚೆ ಸಿಕ್ಕಿಕೊಂಡಿತ್ತು. ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುವ ಈ ವಿಧಾನವನ್ನು ಹಿಪೊಕ್ರೆಟಿಸ್‌ನ ಕಾಲದಿಂದಲೂ ಮಾಡುತ್ತಿದ್ದಾರೆ, ಆದರೆ ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ಸದ್ಯ ಕೆಲವು ವಾರ ಬಾಯಿಯನ್ನು ಪೂರ್ತಿ ತೆರೆಯಬೇಡಿ, ಆಟಗಳಿಗೆ ವಿರಾಮ ಕೊಡಿ. ಆಕಳಿಕೆ ಬಂದಾಗ ಗದ್ದದಡಿ ಮುಷ್ಟಿ ಇಡಿ, ತಲೆಯನ್ನು ತುಸು ಕೆಳಗೆ ಬಾಗಿಸಿ. ದಂತವೈದ್ಯರ ಕುರ್ಚಿಯಲ್ಲಿ ಬಹಳ ಹೊತ್ತು ಬಾಯಿ ತೆರೆಯಬೇಕಾದರೆ ಮೊದಲೇ ಈ ವಿಷಯ ಹೇಳಿ. ಮತ್ತೆ ಮತ್ತೆ ಜಾರಿದರೆ ಶಸ್ತ್ರಚಿಕಿತ್ಸಕರನ್ನು ಕಾಣಲೇಬೇಕು.

ಮಾಟುಂಗದ ಹಿರಿಯ:

ನನ್ನ ಹೆಂಡತಿಗೆ 72 ವರ್ಷ. ಊಟ ಶುರುಮಾಡಿದ ಸ್ವಲ್ಪ ಹೊತ್ತಿಗೆ ದವಡೆ ನೋಯುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಕಣತಲೆ ಮುಟ್ಟಿದರೂ ನೋವು, ತಲೆ ಬಾಚಲೂ ಆಗುವುದಿಲ್ಲ. ನಿನ್ನೆ ಒಂದು ಕಣ್ಣು ಸ್ವಲ್ಪ ಹೊತ್ತು ಮಂಜಾಯಿತು ಎಂದಳು. ಮೇಲೆ ಬರೆದಂತೆ ಬಿಸಿ ಬಟ್ಟೆ ಇಡುತ್ತಿದ್ದೇವೆ. ಇನ್ನೇನು ಮಾಡಬಹುದು?

ಕೋಥ್ರೂಡ್ ದಂತವೈದ್ಯೆ:

ಸರ್, ಬಿಸಿ ಬಟ್ಟೆ ಇಟ್ಟು ಕಾಯಬೇಡಿ. ಇದನ್ನು ಓದಿದ ತಕ್ಷಣ ಅವರನ್ನು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇದು ಕೀಲಿನದಲ್ಲದಿರಬಹುದು. 50 ದಾಟಿದವರಲ್ಲಿ ಕಣತಲೆಯ ರಕ್ತನಾಳ ಊದಿಕೊಳ್ಳುವ ಜಯಂಟ್ ಸೆಲ್ ಆರ್ಟರೈಟಿಸ್ ಎಂಬ ರೋಗವಿದೆ. ಅಗಿಯುತ್ತಿದ್ದಂತೆ ಏರಿ ನಿಲ್ಲಿಸಿದಾಗ ಇಳಿಯುವ ದವಡೆ ನೋವು, ಹೊಸ ತಲೆನೋವು, ನೆತ್ತಿಯ ಚರ್ಮ ಮುಟ್ಟಿದರೆ ನೋವು, ಕಣ್ಣು ಮಂಜಾಗುವುದು ಅದರ ಲಕ್ಷಣಗಳು. ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ದೇಹದಲ್ಲಿ ಉರಿಯೂತವಿದೆಯೇ ಎಂದು ತಿಳಿಯಲು ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆ ಮಾಡುತ್ತಾರೆ, ಅನುಮಾನ ಬಲವಾಗಿದ್ದರೆ ಉಳಿದ ಪರೀಕ್ಷೆಗಳಿಗೆ ಕಾಯದೆ ಸ್ಟೀರಾಯ್ಡ್ ಶುರುಮಾಡುತ್ತಾರೆ. ಕಣ್ಣು ಮಂಜಾದ ಮಾತನ್ನು ಮೊದಲು ಹೇಳಿ.

ಎಲ್ಲರಿಗೂ ಒಂದು ಮಾತು: ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆಗೆ ನೋವು ಬಂದು ನಿಂತಾಗ ಹೋಗುವುದು ಹೃದಯದ್ದಿರಬಹುದು. ಮುಖ ತೊಳೆಯುವಾಗ, ಗಾಳಿ ತಾಗಿದಾಗ ಕ್ಷಣಮಾತ್ರ ಕರೆಂಟ್ ಹೊಡೆದಂಥ ನೋವು ನರದ್ದಿರಬಹುದು. ಇವಕ್ಕೆ ದವಡೆಯ ವ್ಯಾಯಾಮ ಮಾಡುತ್ತಾ ಕೂರಬಾರದು.

ಮಾಟುಂಗದ ಹಿರಿಯ:

ಹೊರಟಿದ್ದೇವೆ. ಮಗ ಟ್ಯಾಕ್ಸಿ ತರಲು ಹೋಗಿದ್ದಾನೆ.

ಪಿಂಪ್ರಿಯ ತಾಯಿ:

ನಮ್ಮ ಐದು ವರ್ಷದ ಮಗ ಮೆಟ್ಟಿಲಿನಿಂದ ಬಿದ್ದು ಗದ್ದ ಸೀಳಿತು. ಹೊಲಿಗೆ ಹಾಕಿದರು, ಗಾಯ ಮಾಯಿತು. ಈಗ ಊಟ ಮಾಡುವಾಗ ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ. ನೋವಿಲ್ಲ ಎನ್ನುತ್ತಾನೆ. ಸುಮ್ಮನಿರಬಹುದೇ?

ಕೋಥ್ರೂಡ್ ದಂತವೈದ್ಯೆ:

ಸುಮ್ಮನಿರಬಾರದು ತಾಯಿ. ಗದ್ದಕ್ಕೆ ಬಿದ್ದ ಪೆಟ್ಟು ಕೆಳದವಡೆಯ ಮೂಲಕ ನೇರವಾಗಿ ಎರಡೂ ಕೀಲುಗಳಿಗೆ ಹೋಗುತ್ತದೆ. ಗದ್ದದ ಗಾಯವನ್ನು ಹೊಲಿದು ಕೀಲನ್ನು ನೋಡದೆ ಬಿಟ್ಟ ಮಕ್ಕಳಲ್ಲಿ ಒಳಗಿನ ರಕ್ತಸ್ರಾವ ಗಟ್ಟಿಯಾಗಿ, ಕೀಲೇ ಮೂಳೆಯಾಗಿ ಬೆಸೆದುಕೊಳ್ಳಬಹುದು. ಇದಕ್ಕೆ ಆಂಕಿಲೋಸಿಸ್ ಎನ್ನುತ್ತಾರೆ. ದವಡೆಯ ಬೆಳವಣಿಗೆ ಕುಂಠಿತವಾಗುತ್ತದೆ, ಗದ್ದ ಹಿಂದೆ ಉಳಿಯುತ್ತದೆ, ನಿದ್ದೆಯಲ್ಲಿ ಉಸಿರಾಟಕ್ಕೂ ತೊಡಕಾಗುತ್ತದೆ. ಆ ಹಂತಕ್ಕೆ ಹೋದರೆ ಶಸ್ತ್ರಚಿಕಿತ್ಸೆ ಬಿಟ್ಟು ದಾರಿಯಿಲ್ಲ, ಆಮೇಲೂ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಶಸ್ತ್ರಚಿಕಿತ್ಸೆಯ ಬಗ್ಗೆ ನಾನು ಮೇಲೆ ಹೇಳಿದ ಎಚ್ಚರಿಕೆ ಇದಕ್ಕೆ ಅನ್ವಯಿಸುವುದಿಲ್ಲ. ಈ ವಾರವೇ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಬೇಗ ಗೊತ್ತಾದರೆ ಮಕ್ಕಳಲ್ಲಿ ಬಹಳ ಸಲ ದವಡೆಯನ್ನು ಚಲಿಸುತ್ತಿರುವಂತೆ ನೋಡಿಕೊಳ್ಳುವುದೇ ಮುಖ್ಯ ಚಿಕಿತ್ಸೆಯಾಗುತ್ತದೆ.

ವಾಸ್ಕೋ ಕನ್ನಡಿಗ:

ನಾನು ಗೋವಾದಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ, ಊರು ಬಾಗಲಕೋಟೆ ಕಡೆ. ನಮ್ಮ ತಂಡದ ಹುಡುಗನೊಬ್ಬನಿಗೆ ಬಾಯಿ ಒಂದೂವರೆ ಬೆರಳು ಮಾತ್ರ ತೆರೆಯುತ್ತದೆ. ಸದ್ದಿಲ್ಲ, ಕಿವಿನೋವಿಲ್ಲ. ಖಾರ ತಿಂದರೆ ಬಾಯಿ ಉರಿಯುತ್ತದೆ ಎನ್ನುತ್ತಾನೆ. ಕೀಲು ಹಿಡಿದಿದೆ ಎಂದು ಯಾರೋ ಎಣ್ಣೆ ತಿಕ್ಕುತ್ತಿದ್ದಾರೆ. ರೊಟ್ಟಿ ಬಾಯಿಗೆ ಹೋಗದೆ ನೀರಿನಲ್ಲಿ ಕಿವುಚಿ ತಿನ್ನುತ್ತಾನೆ. ನೋಡಿದರೆ ಸಂಕಟವಾಗುತ್ತದೆ.

ಕೋಥ್ರೂಡ್ ದಂತವೈದ್ಯೆ:

ಅಣ್ಣ, ಆತ ಗುಟ್ಕಾ, ಮಾವಾ (ಅಡಿಕೆ, ತಂಬಾಕು, ಸುಣ್ಣದ ಮಿಶ್ರಣ) ಅಥವಾ ಸುಪಾರಿ ಹಾಕುತ್ತಾನೆಯೇ?

ವಾಸ್ಕೋ ಕನ್ನಡಿಗ:

ಹೌದು ಮೇಡಂ. ಹದಿನಾಲ್ಕನೆಯ ವಯಸ್ಸಿನಿಂದ. ಬಿಸಿಲಲ್ಲಿ ಹಸಿವು ತಡೆಯುತ್ತದೆ ಎಂದು ಹಾಕುತ್ತಾರೆ. ತಂಬಾಕು ಬಿಟ್ಟಿದ್ದಾನೆ, ಈಗ ಬರೀ ಅಡಿಕೆ.

ಕೋಥ್ರೂಡ್ ದಂತವೈದ್ಯೆ:

ಹಾಗಾದರೆ ಕೀಲಿಗೆ ಎಣ್ಣೆ ತಿಕ್ಕಿ ಪ್ರಯೋಜನವಿಲ್ಲ. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ. ಕೆನ್ನೆಯ ಒಳಭಾಗ ಕೆಂಪಗಿರದೆ ಬಿಳಿಚಿಕೊಂಡಿದ್ದರೆ, ಬೆರಳಿಗೆ ಗಟ್ಟಿ ಪಟ್ಟಿಗಳು ತಗುಲಿದರೆ, ನಾಲಿಗೆ ಹೊರಚಾಚಲು ಕಷ್ಟವಾದರೆ ಅದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಪದರದ ಅಡಿಯಲ್ಲಿ ನಾರು ಬೆಳೆದು ಬಿಗಿಯುವ ರೋಗ ಇದು. ಖಾರಕ್ಕೆ ಉರಿ ಇದರ ಮೊದಲ ಲಕ್ಷಣ. ಕಾರಣ ಅಡಿಕೆ, ತಂಬಾಕು ಸೇರಿರಲೇಬೇಕೆಂದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ನಾರು ಬೆಳೆಸುವ ಕೋಶಗಳನ್ನು ಕೆರಳಿಸುತ್ತದೆ. ಇಂಥ ಬಾಯಿ ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಶಿವಾಜಿನಗರದ ಮಲೆನಾಡಿಗ:

ಮೇಡಂ, ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ನಾನು ಓದಿದ್ದು ತೋಟದ ದುಡ್ಡಿನಿಂದ. ಅಜ್ಜ ಜೀವಮಾನವಿಡೀ ಎಲೆಅಡಿಕೆ ಹಾಕಿದರು, ಅವರಿಗೆ ಏನೂ ಆಗಲಿಲ್ಲ. ಅಡಿಕೆಯನ್ನೇ ದೂರುವುದನ್ನು ಕೇಳಿದರೆ ಊರಿನವರೆಲ್ಲ ನೊಂದುಕೊಳ್ಳುತ್ತಾರೆ.

ಕೋಥ್ರೂಡ್ ದಂತವೈದ್ಯೆ:

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಬೆಳೆಗಾರರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ನನ್ನ ಕುರ್ಚಿಯಲ್ಲಿ ಕೂರುವ ಇಪ್ಪತ್ತರ ಆಸುಪಾಸಿನ ಹುಡುಗರ ಬಾಯಿ ತೆರೆಯುವುದಿಲ್ಲ, ಅವರಿಗೆ ಸತ್ಯ ಹೇಳದಿರಲಾರೆ. ಹಾಕಿದವರೆಲ್ಲರಿಗೂ ರೋಗ ಬರುವುದಿಲ್ಲ, ನಿಮ್ಮ ಅಜ್ಜನಿಗೆ ಬರಲಿಲ್ಲ. ಇಂದಿನ ಹುಡುಗರು ಹಾಕುವುದು ಊಟದ ನಂತರದ ಒಂದು ವೀಳ್ಯವಲ್ಲ. ಪೊಟ್ಟಣದ ಒಣ ಪುಡಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಇಟ್ಟುಕೊಂಡಿರುತ್ತಾರೆ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ಮೇಲೆ ನಿಷೇಧವಿದೆ, ಆದರೂ ಹುಡುಗರು ನನ್ನಲ್ಲಿಗೆ ಬರುವುದು ನಿಂತಿಲ್ಲ.

ವಾಸ್ಕೋ ಕನ್ನಡಿಗ:

ಮೇಡಂ, ಗುಣವಾಗುತ್ತದೆಯೇ? ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೋಥ್ರೂಡ್ ದಂತವೈದ್ಯೆ:

ಬಾಂಬೋಳಿಯಲ್ಲಿ ಗೋವಾ ದಂತ ಕಾಲೇಜು ಆಸ್ಪತ್ರೆ ಇದೆ, ಅಲ್ಲಿಗೇ ಹೋಗಿ. ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಅಡಿಕೆಯನ್ನು ಸಂಪೂರ್ಣ ನಿಲ್ಲಿಸಿದರೆ ಬಿಗಿತ ಮುಂದುವರಿಯುವುದನ್ನು ತಡೆಯಬಹುದು. ಚುಚ್ಚುಮದ್ದು ಮತ್ತು ಬಾಯಿ ತೆರೆಯುವ ವ್ಯಾಯಾಮದಿಂದ ಊಟ ಮಾಡುವಷ್ಟು ಜಾಗ ಸಿಗಬಹುದು, ತೀರಾ ಬಿಗಿದಿದ್ದರೆ ಪಟ್ಟಿಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬಾಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಸ್ವಲ್ಪ ಭಾಗ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ, ಅದಕ್ಕೆ ಹೆದರಿ ಹಿಂದೆ ಸರಿಯಬಾರದು. ಆಮೇಲೂ ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಸಾಧ್ಯವಾದರೆ ಆತನ ಒಂದು ದಿನದ ಕೂಲಿ ಕಡಿಯಬೇಡಿ ಅಣ್ಣ. ಹೆಚ್ಚಿನವರು ಅದಕ್ಕೇ ಬರುವುದಿಲ್ಲ. ತಂಡದಲ್ಲಿ ಉಳಿದವರ ಬಾಯಿಯನ್ನೂ ಮೂರು ಬೆರಳಿನಿಂದ ಅಳೆಸಿ ನೋಡಿ. ಮೂರು ಹೋಗದವರನ್ನು ಅದೇ ದಿನ ಜೊತೆಯಲ್ಲಿ ಕರೆದೊಯ್ಯಿರಿ.

ವಾಸ್ಕೋ ಕನ್ನಡಿಗ:

ಆಗಲಿ ಮೇಡಂ. ಸೋಮವಾರ ಕೆಲಸಕ್ಕೆ ರಜೆ ಹಾಕಿ ಎಲ್ಲರನ್ನೂ ನಾನೇ ಕರೆದುಕೊಂಡು ಹೋಗುತ್ತೇನೆ. ಕೂಲಿ ನಾನು ಕೊಡುತ್ತೇನೆ.